ಹ್ಯಾಂಡಲ್ಲಿನ ನಡುಕವೂ ನನ್ನ ಮೇಲಿನ ಆರೋಪವೂ

ನಮ್ಮ ತವರುಮನೆ ಹಾವೇರಿಯಲ್ಲಿ ನಾಲ್ಕು ತಲೆಮಾರಿನಿಂದ ಇದೆ. ಮುತ್ತಜ್ಜ ನಮ್ಮ ಓಣಿಗೆ ಮೊದಲ ಸೈಕಲ್ಲು ತಂದವರು. ಅದನ್ನು ಅವರು ಒಂದು ದಿನವೂ ಗೋಡೆಗೆ ಒರಗಿಸಲಿಲ್ಲ, ಸ್ಟ್ಯಾಂಡು ಹಾಕಿಯೇ ನಿಲ್ಲಿಸಿದರು. ಅಜ್ಜ ಮುಖ್ಯೋಪಾಧ್ಯಾಯರು. ಒಮ್ಮೆ ತಪ್ಪು ತಿಳಿದು ಒಬ್ಬ ವಿದ್ಯಾರ್ಥಿಯನ್ನು ಪ್ರಾರ್ಥನೆಯ ಸಾಲಿನೆದುರು ಬೈದರಂತೆ. ನಿಜ ಗೊತ್ತಾದ ಮರುದಿನ ಅದೇ ಸಾಲಿನೆದುರು, ಅದೇ ಕಲ್ಲಿನ ಮೇಲೆ ನಿಂತು ಅವನ ಕ್ಷಮೆ ಕೇಳಿದರು. ಮಾತು ಎಲ್ಲಿ ಜಾರಿತೋ ಅಲ್ಲೇ ಅದನ್ನು ಎತ್ತಿಕೊಳ್ಳಬೇಕು ಎಂಬುದು ಅಂದಿನಿಂದ ನಮ್ಮ ಮನೆಯ ಕಟ್ಟಳೆ. ಅಪ್ಪ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿಟ್ಟು ಓದಿಸಿದರು. ಅಲ್ಲಿನ ಸಿಸ್ಟರುಗಳು ಮೂರು ಸಂಗತಿ ಕಲಿಸಿದರು: ಬೆನ್ನು ನೆಟ್ಟಗೆ ಇಟ್ಟು ಕೂಡುವುದು, ಕಂಡದ್ದನ್ನು ಕಂಡ ಕೂಡಲೇ ಬರೆದಿಡುವುದು, ಯಾರ ಮನೆಯಲ್ಲೂ ಎರಡನೇ ಸಲ ಬಡಿಸಿಕೊಳ್ಳದಿರುವುದು. ಈ ಮೂರರ ಬಲದ ಮೇಲೆಯೇ ನಾನು ಇಂದು ಹಾವೇರಿಯ ಒಂದು ಆಸ್ಪತ್ರೆಯ ಮೇಟ್ರನ್ ಆಗಿದ್ದೇನೆ.

ಇಂಥ ಮನೆಯಲ್ಲಿ ಹುಟ್ಟಿದವಳಿಗೆ ಇಂಥ ಪ್ರಸಂಗಗಳು ಬರಬಾರದು. ಆದರೆ ಒಂದು ಹಳೆಯ ಮೋಟರ್ ಸೈಕಲ್ಲು, ಒಬ್ಬ ವಿಜ್ಞಾನ ಮಾಸ್ತರರು ಮತ್ತು ಒಬ್ಬ ಮೈದುನ ಒಂದೇ ಕುಟುಂಬದಲ್ಲಿದ್ದರೆ ಅವು ಬರುತ್ತಲೇ ಇರುತ್ತವೆ.

ಹೋಳಿಗೆ ದಾಟಿ ಹೋದದ್ದು

ವಿಜ್ಞಾನ ಮಾಸ್ತರರು ಎಂದರೆ ನಮ್ಮ ಯಜಮಾನರು. ಪ್ರೌಢಶಾಲೆಯಲ್ಲಿ ಪಾಠ ಹೇಳಿ ಈಗ ನಿವೃತ್ತರು. ಅವರ ಕಪ್ಪು ಗಾಡಿಯ ಹಿಂದಿನ ಸೀಟು ನನ್ನದು. ವಾರದ ಆರು ದಿನ ಅವರು ಅದರ ಮೇಲೆ ಒಬ್ಬರೇ ಪೇಟೆಗೆ ಹೋಗಿ ಕಾಯಿಪಲ್ಯ ತರುತ್ತಾರೆ. ರವಿವಾರ ನಾವಿಬ್ಬರೂ ಕೂಡಿ ಹೆದ್ದಾರಿ ಹಿಡಿದು ಬೀಗರು ಬಿಜ್ಜರ ಊರಿಗೆ ಹೋಗುತ್ತೇವೆ. ಮದುವೆಯಾದ ವರ್ಷದಿಂದ ಇದು ತಪ್ಪಿದ್ದಿಲ್ಲ.

ಮೈದುನ ಎಂದರೆ ಅವರ ತಮ್ಮ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ. ದಿನವಿಡೀ ಒಣ ಮೆಣಸಿನಕಾಯಿಯ ರಾಶಿಗಳ ನಡುವೆ ಓಡಾಡುವವನು. ಅವನು ಒಳಗೆ ಕಾಲಿಟ್ಟರೆ ನಮ್ಮ ಮನೆಯ ಬೆಕ್ಕೂ ಸೀನುತ್ತದೆ. ಅವನ ಗಾಡಿ ಕೆಟ್ಟಿದೆಯೆಂದು ನಮ್ಮ ಗಾಡಿಯನ್ನು ಎರಡು ದಿನಕ್ಕೆ ಒಯ್ದಿದ್ದ. ತಿರುಗಿ ಕೊಡುವಾಗ ತೊಳೆದು, ಒರೆಸಿ, ಎಣ್ಣೆ ಹಚ್ಚಿ ತಂದ. ತಮ್ಮನಿಗೆ ಜವಾಬ್ದಾರಿ ಬಂತೆಂದು ನಾವು ಸಂತೋಷಪಟ್ಟೆವು.

ಮುಂದಿನ ರವಿವಾರವೇ ಬ್ಯಾಡಗಿಯಲ್ಲಿ ಅವನ ಬಸುರಿ ಮಗಳ ಕುಬಸ. ಹೆದ್ದಾರಿಯಲ್ಲಿ ಗಾಡಿ ಐವತ್ತು ಮುಟ್ಟಿತು ನೋಡಿ, ಹ್ಯಾಂಡಲ್ಲು ಮೊರ ಕೇರಿದಂತೆ ಎಡಕ್ಕೂ ಬಲಕ್ಕೂ ಥರಥರ ಆಡತೊಡಗಿತು. ಯಜಮಾನರು ವೇಗ ಇಳಿಸಿದರು. ನಡುಕ ನಿಂತಿತು.

"ಏನ್ರಿ ಅದು?"

"ಏನೋ ಏನೋ. ನೀ ಹಿಂದ ಅಲ್ಲಾಡಿದಿ ಏನು?"

"ನಾ ಎಂದೂ ಅಲ್ಲಾಡಾಂಗಿಲ್ಲ" ಎಂದೆ. ಅದು ಸತ್ಯ.

ಊಟದ ಪಂಕ್ತಿಯಲ್ಲಿ ಯಜಮಾನರು ತಮ್ಮನಿಗೆ ಇದನ್ನು ಹೇಳಿದರು. ಅವನು ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. ಆಮೇಲೆ ಇಡೀ ಪಂಕ್ತಿಗೆ ಕೇಳುವಂತೆ ಅಂದ: "ಅಣ್ಣಾ, ಗಾಡಿಗೆ ಏನೂ ಆಗಿಲ್ಲ ತಗೋ. ವೈನಿ ಹಿಂದ ಕುಂತ್ರ ಲಾರಿನೂ ನಡಗತೈತಿ!"

ವೈನಿ ಎಂದರೆ ಅತ್ತಿಗೆ, ಅಂದರೆ ನಾನು. ಮನೆ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಹೋಳಿಗೆ ಬಡಿಸುತ್ತಿದ್ದ ಹೆಣ್ಣುಮಗಳು ನನ್ನ ಎಲೆಯ ಮುಂದೆ ಬಂದಳು, ನನ್ನನ್ನು ನೋಡಿದಳು, ಬುಟ್ಟಿ ಎತ್ತಿಕೊಂಡು ಮುಂದಿನ ಎಲೆಗೆ ಹೋದಳು. ನಾನು ಎರಡನೇ ಸಲ ಬಡಿಸಿಕೊಳ್ಳುವವಳಲ್ಲ, ಒಪ್ಪಿದೆ. ಆದರೆ ಅದು ಮೊದಲನೇ ಸಲವಾಗಿತ್ತು.

ದಪ್ಪ ಬಾಣ

ಮನೆಗೆ ಬಂದ ಮೇಲೆ ಯಜಮಾನರು ಕುಬಸದ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಒಂದು ಚಿತ್ರ ಬರೆದರು. ಎರಡು ಗಾಲಿ, ನಡುವೆ ಒಂದು ಗೆರೆ, ಹಿಂದಿನ ಗಾಲಿಯ ಮೇಲೆ ಕೆಳಮುಖವಾಗಿ ಒಂದು ಬಾಣ.

"ಹಿಂದ ಭಾರ ಬಿದ್ದಷ್ಟು ಮುಂದಿನ ಗಾಲಿ ಹಗುರ ಆಗತೈತಿ. ಹಗುರಾದದ್ದು ನಡಗತೈತಿ. ಇದು ಸನ್ನೆಗೋಲಿನ ತತ್ತ್ವ."

"ಈ ಬಾಣ ನಾನೇನು?"

"ನೀ ಅಲ್ಲ. ಅದು ಭಾರ."

"ಹಂಗಾರ ಇಷ್ಟು ದಪ್ಪ ಯಾಕ ಐತಿ?"

"ಪೆನ್ನು ದಪ್ಪ ಐತಿ."

ನಾನು ಶಾಂತಳಾಗಿಯೇ ಕೇಳಿದೆ. ಆಸ್ಪತ್ರೆಯ ತೂಕದ ಯಂತ್ರ ನನ್ನ ಸುಪರ್ದಿಯಲ್ಲಿದೆ, ತಿಂಗಳಿಗೊಮ್ಮೆ ಅದರ ಮೇಲೆ ನಾನೇ ನಿಂತು ಪರೀಕ್ಷೆ ಮಾಡುತ್ತೇನೆ. ಎಷ್ಟೋ ವರ್ಷದಿಂದ ಮುಳ್ಳು ಅಲ್ಲೇ ನಿಲ್ಲುತ್ತಿದೆ. ತೂಕ ಹಳೆಯದು, ನಡುಕ ಹೊಸದು. ಹಳೆಯ ಕಾರಣಕ್ಕೆ ಹೊಸ ರೋಗ ಹೇಗೆ ಬರುತ್ತದೆ? ಮಾಸ್ತರರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಖರೇ ಐತಿ" ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, ಬಾಣವನ್ನು ಅಳಿಸಲು ಆಗದೆ, ಅದಕ್ಕೆ ಎರಡು ಎಲೆ ಬರೆದು ಗಿಡ ಮಾಡಿದರು.

ಆದರೂ ರವಿವಾರದ ಸವಾರಿ ನಿಂತಿತು. "ಸುಮ್ಮನ ಯಾಕ ರಿಸ್ಕು" ಎಂದು ನಾವಿಬ್ಬರೂ ಬಸ್ಸಿನಲ್ಲಿ ಹೋಗತೊಡಗಿದೆವು. ಪೇಟೆಗೆ ಅವರು ಗಾಡಿ ಒಯ್ದರೆ ಅದು ಹಸುವಿನಂತೆ ಇರುತ್ತಿತ್ತು. ಇದು ಮೈದುನನ ಮಾತಿಗೆ ಸಾಕ್ಷಿಯಾಯಿತು. ವಾರದೊಳಗೆ ಸುದ್ದಿ ಆಸ್ಪತ್ರೆಯವರೆಗೆ ಬಂತು. ನಾನು ವರಾಂಡದಲ್ಲಿ ನಡೆದು ಹೋದರೆ ಔಷಧದ ಬಾಟಲಿಗಳು ನಡುಗುತ್ತವೆಯೋ ಎಂದು ಆಯಾ ಒಬ್ಬಳು ಕಪಾಟನ್ನು ನೋಡಿದ್ದನ್ನು ನಾನು ಕಣ್ಣಾರೆ ಕಂಡೆ.

ಹತ್ತು ಹೆಜ್ಜೆಯ ಪರೀಕ್ಷೆ

ಹಾವೇರಿಯಲ್ಲಿ ನಮ್ಮ ಓಣಿಯ ತುದಿಗೆ ಒಬ್ಬ ಪಂಕ್ಚರ್ ತಿದ್ದುವವನಿದ್ದಾನೆ. ಅವನ ಬಗ್ಗೆ ನನಗೆ ಮೊದಲಿಂದಲೂ ಗೌರವ. ಟ್ಯೂಬನ್ನು ನೀರಿಗೆ ಹಾಕದೆ ಕಿವಿಯ ಹತ್ತಿರ ಹಿಡಿದು ಗಾಳಿ ಎಲ್ಲಿ ಹೋಗುತ್ತಿದೆ ಎಂದು ಹೇಳುತ್ತಾನೆ. ನಮ್ಮ ಆಸ್ಪತ್ರೆಯಲ್ಲಿ ಸ್ಟೆತೊಸ್ಕೋಪ್ ಇಟ್ಟುಕೊಂಡೂ ಕೆಲವರಿಗೆ ಅಷ್ಟು ಕೇಳಿಸುವುದಿಲ್ಲ.

ಅವನು ಮುಂದಿನ ಟೈರಿಗೆ ಗಾಳಿ ಅಳೆದು ತುಂಬಿಸಿದ. ನಮ್ಮ ಕಡೆ ಗೌರವದ ಹೆಣ್ಣುಮಕ್ಕಳನ್ನು ಬಾಯಾರು ಎನ್ನುತ್ತಾರೆ, ಅವನೂ ನನ್ನನ್ನು ಹಾಗೇ ಕರೆಯುತ್ತಾನೆ. "ಈಗ ನೋಡ್ರಿ ಬಾಯಾರ" ಎಂದು ಗಾಡಿಯನ್ನು ಕೈಯಿಂದ ನೂಕಿಕೊಂಡು ಹತ್ತು ಹೆಜ್ಜೆ ಹೋದ, ಹತ್ತು ಹೆಜ್ಜೆ ಬಂದ.

"ನಡಗತೈತೇನ್ರಿ?"

"ಇಲ್ಲ."

"ಆತಲ್ರಿ ಮತ್ತ!"

"ಐವತ್ತರ ಸ್ಪೀಡಿಗೆ ನಡಗತೈತಪ್ಪಾ."

ಅವನು ಗಾಡಿಯನ್ನು ನೋಡಿದ, ರಸ್ತೆಯನ್ನು ನೋಡಿದ, ತನ್ನ ಮೊಣಕಾಲನ್ನು ನೋಡಿಕೊಂಡ. "ಅಷ್ಟು ಜೋರ ನೂಕಾಕ ನನಗ ಆಗಾಂಗಿಲ್ರಿ" ಎಂದ.

ಕಾಗಿನೆಲೆಯಲ್ಲಿ ಕಣ್ಣೀರು

ನಮ್ಮ ಕಷ್ಟ ಕೇಳಿ ಮೈದುನ ಔಷಧಿ ತಂದ. ಅವರ ಅಪ್ಪ ಚಕ್ಕಡಿ ಹೇರುತ್ತಿದ್ದ ಕಾಲದಲ್ಲಿ ಹಿಂದೆ ಭಾರವಾಗಿ ನೊಗ ಮೇಲೆದ್ದರೆ ಮುಂದೆ ಒಂದು ಚೀಲ ಸರಿಸುತ್ತಿದ್ದರಂತೆ. "ಗಾಡಿಗೂ ಅದ ನಿಯಮ ಅಣ್ಣಾ. ವೈನಿ ಹಿಂದ ಇರಲಿ, ನೀ ಮುಂದ ಒಂದು ಚೀಲ ಕಟ್ಟು. ಸಮ ಆಗತೈತಿ."

ಕಾಗಿನೆಲೆಯಲ್ಲಿ ಯಜಮಾನರ ದಾಯಾದಿಯ ಮಗಳಿಗೆ ನಿಶ್ಚಿತಾರ್ಥವಿತ್ತು. ಅವರಿಗೆ ಕೊಡಲು ಹೇಗೂ ಮೆಣಸಿನಕಾಯಿ ಒಯ್ಯಬೇಕಿತ್ತು. ಒಣ ಮೆಣಸಿನಕಾಯಿ ಹಗುರ ಎಂಬುದು ಅದನ್ನೇ ಮಾರಿ ಬದುಕುವವನಿಗೆ ನೆನಪಾಗಲಿಲ್ಲ. ಭಾರ ಬರಲೆಂದು ತುಂಬಿಸುತ್ತ ತುಂಬಿಸುತ್ತ ಚೀಲ ದೊಡ್ಡದಾಯಿತು. ಟ್ಯಾಂಕಿನ ಮೇಲೆ ಕಟ್ಟಿದಾಗ ಯಜಮಾನರಿಗೆ ಚೀಲದ ಮೇಲಿಂದ ದೂರದ ಗಿಡಗಳ ತುದಿ ಮಾತ್ರ ಕಾಣುತ್ತಿತ್ತು. ನಾನು ಹಿಂದೆ ನೆಟ್ಟಗೆ ಕೂತು "ಎಡಕ್ಕ, ಬಲಕ್ಕ, ಎಮ್ಮಿ ಐತಿ, ನಿಲ್ಲಿಸ್ರಿ" ಎಂದು ಹೇಳುತ್ತ ಹೋದೆ.

ಐವತ್ತಕ್ಕೆ ಹ್ಯಾಂಡಲ್ಲು ನಡುಗಿತು. ಹ್ಯಾಂಡಲ್ಲಿನ ಜೊತೆ ಚೀಲ ನಡುಗಿತು. ಚೀಲದ ಬಾಯಿಂದ ಕೆಂಪು ದೂಳು ಎದ್ದು ಮೊದಲು ಅವರ ಮುಖಕ್ಕೆ, ಅಲ್ಲಿಂದ ನನ್ನ ಮುಖಕ್ಕೆ ಬಂತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೊಗಳುತ್ತಾರೆ. ಕಣ್ಣಿಗೆ ಆ ವಿಷಯ ಗೊತ್ತಿಲ್ಲ.

ಕಾಗಿನೆಲೆಯ ಮನೆಯ ಮುಂದೆ ಇಳಿದಾಗ ಇಬ್ಬರ ಕಣ್ಣಿನಿಂದಲೂ ನೀರು ಧಾರೆಯಾಗಿ ಹರಿಯುತ್ತಿತ್ತು. ಹೆಂಗಸರು ಓಡಿಬಂದು ನನ್ನನ್ನು ತಬ್ಬಿಕೊಂಡರು. "ಅಯ್ಯ, ಯಾರು ಹೋದ್ರವಾ?" ಯಜಮಾನರು ಉತ್ತರ ಹೇಳಲು ಬಾಯಿ ತೆರೆದು ಕೆಮ್ಮಿ, ಯಾರೂ ಇಲ್ಲ ಎಂದು ಕೈ ಆಡಿಸಿದರು. ಅದನ್ನು ನೋಡಿ ಯಾರೋ ದೊಡ್ಡವರೇ ಹೋಗಿದ್ದಾರೆ ಎಂದು ಒಳಗಿನಿಂದ ಇನ್ನೊಬ್ಬಳು ಅಳುತ್ತ ಬಂದಳು. ಜಮಖಾನೆಯ ಮೇಲೆ ಕೂತಿದ್ದ ಗಂಡಿನ ಕಡೆಯವರು ಎದ್ದು ನಿಂತರು. ಹುಡುಗನ ತಂದೆ ಗಂಭೀರವಾಗಿ ಕೇಳಿದರು: "ಹೆಣ್ಣಿನ ಮನಿಯವರು ಇಷ್ಟು ದುಃಖ ಮಾಡಾಕತ್ತಾರಂದ್ರ, ನಮ್ಮ ಸಂಬಂಧ ಒಲ್ಲದ ಮನಸ್ಸಿನಿಂದ ಆಗಾಕತ್ತೈತೇನ್ರಿ?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಸಾಧ್ಯವಿದ್ದಷ್ಟು ಗೌರವದಿಂದ ಹೇಳಿದೆ: "ದುಃಖ ಅಲ್ರಿ ಇದು. ಬ್ಯಾಡಗಿ."

ಅವರು ಚೀಲದ ಹತ್ತಿರ ಹೋಗಿ ಒಂದು ಕಾಯಿ ತೆಗೆದು, ಮುರಿದು, ಮೂಸಿದರು. ಮುಖ ಅರಳಿತು. "ಕಾಯಿ ಭಾರಿ ಐತಿ" ಎಂದು ಮತ್ತೆ ಜಮಖಾನೆಯ ಮೇಲೆ ಕೂತರು. ಚೀಲ ಅವರ ಜೀಪಿನಲ್ಲಿ ಹೋಯಿತು. ಸಂಬಂಧ ಗಟ್ಟಿಯಾಯಿತು. ಹ್ಯಾಂಡಲ್ಲು ಆಗಲಿಲ್ಲ.

ಯಾವ ವಾರ್ಡಿನ ರೋಗಿ

ಇನ್ನು ಇದನ್ನು ನಾನೇ ನೋಡಬೇಕು ಎಂದು ನಿಶ್ಚಯಿಸಿದೆ. ಆಸ್ಪತ್ರೆಯಲ್ಲಿ ಜ್ವರದ ರೋಗಿಗೆ ಪಟ್ಟಿ ಬರೆಯುತ್ತೇವೆ: ಎಷ್ಟು ಗಂಟೆಗೆ ಎಷ್ಟು ಜ್ವರ, ಯಾವಾಗ ನಡುಕ, ಯಾವಾಗ ಬೆವರು. ಅಂಥದೇ ಹಾಳೆ ತೆಗೆದುಕೊಂಡು ನಾಲ್ಕು ದಿನ ಬೆಳಗ್ಗೆ ಗಾಡಿಯ ಹಿಂದೆ ಕೂತೆ. ಯಜಮಾನರು ವೇಗ ಕೂಗಿ ಹೇಳುವುದು, ನಾನು ಬರೆಯುವುದು. ನಲವತ್ತೈದರವರೆಗೆ ಏನಿಲ್ಲ. ಐವತ್ತಕ್ಕೆ ಆರಂಭ. ಐವತ್ತೆಂಟಕ್ಕೆ ಜೋರು. ಅರವತ್ತೈದು ದಾಟಿದರೆ ಕಡಿಮೆ. ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯುವಾಗ ಮತ್ತೆ ಹೆಚ್ಚು. ಮುಂದಿನ ಬ್ರೇಕು ಹಿಡಿದರೆ ಎಲ್ಲೋ ಒಳಗೆ ಒಂದು ಸಣ್ಣ 'ಟಕ್'. ರಸ್ತೆ, ಗಾಳಿ, ಟ್ಯಾಂಕಿನ ಪೆಟ್ರೋಲು, ಹಿಂದಿನ ಸವಾರಿ, ಎಲ್ಲಕ್ಕೂ ಒಂದೊಂದು ಕಾಲಂ ಹಾಕಿದೆ.

ಆ ಹಾಳೆ ನನ್ನ ಮೇಜಿನ ಮೇಲಿತ್ತು. ಹೊಸದಾಗಿ ಬಂದ ಡಾಕ್ಟರರು ಅದನ್ನು ಎತ್ತಿಕೊಂಡು ಓದಿದರು. ಹುಬ್ಬು ಗಂಟಿಕ್ಕಿತು.

"ಸಿಸ್ಟರ್, ಐವತ್ತಕ್ಕ ನಡುಕ ಶುರು, ಐವತ್ತೆಂಟಕ್ಕ ಜೋರು, ಅರವತ್ತೈದಕ್ಕ ಕಡಿಮಿ. ಇದು ನಾಡಿ ಬಡಿತದ ಲೆಕ್ಕ ಏನು? ಇಂಥ ಕೇಸ್ ನಾ ನೋಡೇ ಇಲ್ಲ. ರಕ್ತಪರೀಕ್ಷೆ ಆಗೇದೇನು?"

"ಇಲ್ಲ ಸರ್. ಗಾಳಿ ಪರೀಕ್ಷೆ ಆಗೇದ."

"ಯಾವ ವಾರ್ಡು?"

"ಹೊರಗ, ಬೇವಿನ ಗಿಡದ ಕೆಳಗ. ಸ್ಟ್ಯಾಂಡು ಹಾಕಿ ನಿಲ್ಲಿಸೇವಿ."

ರಾಣೆಬೆನ್ನೂರಿನ ಮಿಸ್ತ್ರಿ

ನಮ್ಮ ಆಂಬುಲೆನ್ಸಿನ ಡ್ರೈವರು ಹೇಳಿದ: "ಬಾಯಾರ, ರಾಣೆಬೆನ್ನೂರಾಗ ಹಲಗೇರಿ ರಸ್ತೆಕ್ಕ ಒಬ್ಬ ಮಿಸ್ತ್ರಿ ಅದಾನ್ರಿ. ಮಾತು ಕಡಿಮಿ. ಗಾಡಿ ಅವನ ಮುಂದ ಸುಳ್ಳು ಹೇಳಾಂಗಿಲ್ಲ."

ವೇಗ ನಲವತ್ತೈದು ದಾಟದಂತೆ ನಡೆಸಿ ರಾಣೆಬೆನ್ನೂರು ಸೇರಿದೆವು. ತಗಡಿನ ಒಂದು ಶೆಡ್ಡು. ಗ್ಯಾರೇಜೆಂದರೆ ನಾನು ಮೂಗಿಗೆ ಸೆರಗು ಹಿಡಿಯುವವಳು. ಆದರೆ ಅಲ್ಲಿ ಒಂದು ಬಿಳಿ ಬಟ್ಟೆಯ ಮೇಲೆ ನಟ್ಟು ಬಿಚ್ಚುವ ಪಾನೆಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಮಲಗಿದ್ದವು. ನಮ್ಮ ಆಪರೇಷನ್ ಥಿಯೇಟರಿನ ಟ್ರೇ ಅಷ್ಟು ಚೊಕ್ಕಟವಾಗಿದ್ದರೆ ನಾನು ದಿನಾ ಯಾರನ್ನೂ ಬೈಯಬೇಕಾಗಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯ, ತೋಳು ಮಡಚಿದ ಖಾಕಿ ಅಂಗಿ. ಗಾಡಿ ಮುಟ್ಟುವ ಮೊದಲು ಕೈ ತೊಳೆದುಕೊಂಡರು. ನಾನು ಸೆರಗು ಬಿಟ್ಟೆ.

ಪಾನೆ ಎತ್ತಲಿಲ್ಲ. ಮೊದಲು ಕೇಳಿದರು: ಎಂದಿನಿಂದ, ಎಷ್ಟರ ಸ್ಪೀಡಿಗೆ, ಬ್ರೇಕ್ ಹಿಡಿದರೆ ಏನು. ನಾನು ಪಟ್ಟಿ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ಜೀವನದಲ್ಲಿ ನನ್ನ ಪಟ್ಟಿಯನ್ನು ಪೂರ್ತಿ ಓದಿದ ಮೊದಲ ಗಂಡಸು ಅವರೇ.

ಓದಿ, ಒಂದು ಕಾಲಂ ಮೇಲೆ ಬೆರಳಿಟ್ಟರು. ಹಿಂದಿನ ಸವಾರಿ: ಇದೆ. ಇದೆ. ಇದೆ. ಕೊನೆಯವರೆಗೂ ಇದೆ.

"ಸರ, ಒಬ್ಬರ ಹೋದಾಗ ನಡಗತೈತೇನ್ರಿ?"

"ಇಲ್ಲ" ಎಂದರು ಯಜಮಾನರು. "ಅದಕ್ಕ ನಮ್ಮ ತಮ್ಮ ಅನ್ನೋದು..."

"ಒಬ್ಬರ ಎಲ್ಲಿ ಹೊಕ್ಕೀರಿ?"

"ಪ್ಯಾಟಿಗೆ. ಕಾಯಿಪಲ್ಯ ತರಾಕ."

"ಎಷ್ಟು ಸ್ಪೀಡಿನ್ಯಾಗ?"

"ಇಪ್ಪತ್ತೈದು, ಮೂವತ್ತು."

"ಬಾಯಾರು ಇಲ್ಲದ ಐವತ್ತು ಹೊಡದೀರೇನ್ರಿ? ಎಂದರ?"

ಯಜಮಾನರು ಬಗ್ಗಿ ಆ ಕಾಲಂ ಅನ್ನು ತಾವೂ ಮೇಲಿನಿಂದ ಓದಿದರು. ಒಂದು ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ನೂರಾರು ಮಕ್ಕಳಿಗೆ ಕಲಿಸಿದವರು ಅವರು. ನಾನೂ ಪಟ್ಟಿ ಬರೆದವಳೇ, ನನಗೂ ಹೊಳೆದಿರಲಿಲ್ಲ. ಮಿಸ್ತ್ರಿ ಗಾಡಿ ಹತ್ತಿ ಒಬ್ಬರೇ ಹಲಗೇರಿಯ ಕಡೆ ಹೋದರು. ನಾನು ಶೆಡ್ಡಿನ ಮುಂದೆ ಎರಡೂ ಕಾಲು ನೆಲಕ್ಕೆ ಊರಿ, ಎಲ್ಲರಿಗೂ ಕಾಣುವಂತೆ ನಿಂತೆ.

ಹತ್ತು ನಿಮಿಷಕ್ಕೆ ಬಂದು ಇಳಿದರು. "ನಡಗತೈತ್ರಿ. ಐವತ್ತಕ್ಕ. ಬಾಯಾರು ಇಲ್ಲೇ ನಿಂತಾರ."

ಅಲ್ಲಿಯ ತನಕ ಯಾರ ಬಾಯಿಂದಲೂ ನಾನು ಇಷ್ಟು ಚೆಂದದ ಮಾತು ಕೇಳಿರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಉಸಿರು ಹಿಡಿದು ನೋಡಿದೆ. ಎಂಜಿನ್ನಿನ ಕೆಳಗೆ ಒಂದು ಕಟ್ಟಿಗೆ ತುಂಡು ಕೊಟ್ಟು ಮುಂದಿನ ಗಾಲಿ ನೆಲ ಬಿಡುವಂತೆ ಎತ್ತಿದರು. "ಸರ, ಸೀಮೆಸುಣ್ಣ ಐತೇನ್ರಿ?" ಎಂದರು. ನಿವೃತ್ತರಾದರೂ ನಮ್ಮವರ ಜೇಬಿನಲ್ಲಿ ಒಂದು ತುಂಡು ಇದ್ದೇ ಇರುತ್ತದೆ. ಅದನ್ನು ರಿಮ್ಮಿನ ಪಕ್ಕ ಅಲುಗದಂತೆ ಹಿಡಿದು ಗಾಲಿ ತಿರುಗಿಸಿದರು. ರಿಮ್ಮು ಡೊಂಕಿದ್ದರೆ ಉಬ್ಬಿದ ಕಡೆ ಮಾತ್ರ ಸುಣ್ಣ ಹತ್ತುತ್ತದೆಯಂತೆ. ಸುತ್ತಲೂ ಒಂದೇ ಸಮ ಗೆರೆ ಬಿತ್ತು. "ಗಾಲಿ ನಿರ್ದೋಷಿ." ಟೈರಿನ ಮೇಲೆ ಅಂಗೈ ಸವರಿದರು. "ಟೈರೂ ನಿರ್ದೋಷಿ." ಒಂದೊಂದೇ ಸಂಶಯವನ್ನು ಹೀಗೆ ಬಾಗಿಲಾಚೆ ಕಳಿಸಿದರು. ಕೊನೆಗೆ ಹ್ಯಾಂಡಲ್ಲನ್ನು ಎರಡೇ ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ನೇರಕ್ಕೆ ಬಂದ ಕೂಡಲೇ ಅದು ಗುಳಿಯಲ್ಲಿ ಬಿದ್ದಂತೆ ಗಕ್ಕನೆ ನಿಂತಿತು.

"ಬಾಯಾರ, ನಾಡಿ ಹಿಡಿಯೋ ಕೈ ನಿಮ್ಮದು. ಇಲ್ಲಿ ಇಡ್ರಿ."

ಹ್ಯಾಂಡಲ್ಲಿನ ಕೊರಳ ಹತ್ತಿರ ನನ್ನ ಮೂರು ಬೆರಳು ಇಡಿಸಿ, ತಾವು ಕೆಳಗೆ ಕೂತು ಮುಂದಿನ ಗಾಲಿಯನ್ನು ಹೊತ್ತ ಎರಡು ಕಬ್ಬಿಣದ ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದರು. ಟಕ್. ಮತ್ತೆ ಟಕ್. ಕೂದಲೆಳೆಯಷ್ಟು ಸಡಿಲ. ಮನುಷ್ಯರ ನಾಡಿ ಹಿಡಿಯುತ್ತಲೇ ಹಣ್ಣಾದ ಬೆರಳಿಗೆ ಕಬ್ಬಿಣದ ನಾಡಿ ಸಿಕ್ಕದ್ದು ಅದೇ ಮೊದಲು.

"ಕೋನ್ ಸೆಟ್ ಹೋಗೈತ್ರಿ" ಎಂದರು. ಹ್ಯಾಂಡಲ್ಲು ಯಾವುದರ ಮೇಲೆ ತಿರುಗುತ್ತದೆಯೋ ಆ ಬಟ್ಟಲು ಮತ್ತು ಗುಂಡುಗಳಿಗೆ ಆ ಹೆಸರು. ಬಿಚ್ಚಿ ತೋರಿಸಿದರು. ಕೆಳಗಿನ ಬಟ್ಟಲಿನಲ್ಲಿ ಸಿಡುಬಿನ ಕಲೆಯಂತೆ ಸಾಲಾಗಿ ತಗ್ಗುಗಳು. ನನ್ನ ಅಂಗೈಯಲ್ಲಿ ಕೆಲವು ಉಕ್ಕಿನ ಗುಂಡು ಹಾಕಿದರು. ಜೋಳದ ಕಾಳಿಗಿಂತ ತುಸು ದೊಡ್ಡವು.

"ಇವು ಇಷ್ಟೇ ಏನ್ರಿ?"

"ಇಷ್ಟ ರಿ. ನೀವಿಬ್ಬರೂ ಯಾವ ಕಡೆ ಹೋಗಬೇಕಂತ ಕಾಯೋವು ಇವ."

ಇಷ್ಟು ವರ್ಷದ ನಮ್ಮ ರವಿವಾರಗಳೆಲ್ಲ ಅಂಗೈಯಲ್ಲಿ ಹಿಡಿಸುವಷ್ಟು ಗುಂಡುಗಳ ಮೇಲೆ ಉರುಳಿವೆ ಎಂದು ತಿಳಿದು ನಾನು ಅವನ್ನು ಕಣ್ಣಿಗೆ ಒತ್ತಿಕೊಂಡೆ. ಯಜಮಾನರು ನನ್ನನ್ನು ನೋಡಿ ಗಾಬರಿಯಾದರು.

ಹೊಸ ಬಟ್ಟಲು ಬಡಿದು ಕೂಡಿಸುವಾಗ ಮಿಸ್ತ್ರಿ ಕಣ್ಣು ಮುಚ್ಚಿದ್ದರು. ಸುತ್ತಿಗೆಯ ಸದ್ದು ಠಣ್ ಠಣ್ ಎನ್ನುತ್ತಿದ್ದದ್ದು ಒಂದು ಏಟಿಗೆ ದಬ್ ಎಂದಿತು. "ಕುಂತಿತು" ಎಂದು ಕಣ್ಣು ತೆರೆದರು. ಗ್ರೀಸು ತುಂಬಿ, ನಟ್ಟು ಬಿಗಿದು, ಮತ್ತೆ ಸ್ವಲ್ಪ ಸಡಿಲಿಸಿದರು. ಬಹಳ ಬಿಗಿದರೆ ಗಾಡಿ ಹಟ ಮಾಡುತ್ತದೆ, ಸಡಿಲ ಬಿಟ್ಟರೆ ನಡುಗುತ್ತದೆ. ಸರಿಯಾದದ್ದು ಹೇಗೆ ತಿಳಿಯಬೇಕು? ಬೆರಳಿನಿಂದ ತುಸು ತಾಕಿಸಿ ಬಿಟ್ಟರು. ಹ್ಯಾಂಡಲ್ಲು ನಿದ್ದೆ ಬಂದ ಮಗುವಿನ ತಲೆಯಂತೆ ತಾನಾಗಿ, ಮೆಲ್ಲಗೆ ಒಂದು ಬದಿಗೆ ವಾಲಿತು.

ಗಾಲಿಯ ಮಣ್ಣು ಒರೆಸುವಾಗ ಅವರ ಕೈ ಮುಂದಿನ ಮಡ್‌ಗಾರ್ಡಿನ ಒಳಮೈ ಮೇಲೆ ನಿಂತಿತು. ಬೆರಳಿನಿಂದ ಸವರಿ ಸವರಿ ನೋಡಿದರು.

"ಈ ಸುತ್ತಿಗಿ ಪೆಟ್ಟು ನಂದ ರಿ."

ನಮ್ಮ ಹಿರಿಯ ಸರ್ಜನ್ನರು ಹತ್ತು ವರ್ಷದ ಹಿಂದಿನ ಹೊಲಿಗೆ ನೋಡಿ "ಇದು ನನ್ನ ಕೈ" ಎನ್ನುತ್ತಿದ್ದದ್ದು ನೆನಪಾಯಿತು. "ನಾವು ಇಲ್ಲಿಗೆ ಬಂದದ್ದು ಇದ ಮೊದಲನೇ ಸಲ" ಎಂದೆ.

"ನೀವಲ್ಲರಿ. ಬ್ಯಾರೆ ಯಾರೋ ತಂದಿದ್ರು. ಮೂರು ಚೀಲ ಹೇರಿಕೊಂಡು ಕುಪ್ಪೇಲೂರು ರಸ್ತೆದಾಗ ಹಂಪ್ ಹಾರಿಸಿ ಮುಂದಿನ ಗಾಲಿ ಕುಕ್ಕಿಸಿದ್ರು. ಮಡ್‌ಗಾರ್ಡ್ ಸೊಟ್ಟ ಆಗಿತ್ತು. ಕೋನ್ ಸೆಟ್ ನೋಡಬೇಕ್ರಿ ಅಂದೆ. ಬ್ಯಾಡ, ಕಾಣೋದಷ್ಟ ಸರಿ ಮಾಡ್ರಿ, ಗಾಡಿ ಅಣ್ಣಂದು ಅಂದ್ರು."

"ಹೆಂಗಿದ್ರು ಅವರು?"

"ಮಾರಿ ನೆನಪಿಲ್ರಿ. ಅವರು ಹತ್ತರ ಬಂದ ಕೂಡಲೇ ನನಗ ಮೂರು ಸೀನು ಬಂದುವು."

ಯಜಮಾನರೂ ನಾನೂ ಪರಸ್ಪರ ಮುಖ ನೋಡಿಕೊಂಡೆವು.

ಹೊರಡುವಾಗ ಮಿಸ್ತ್ರಿ ಹೇಳಿದರು: "ಬಾಯಾರು ಹಿಂದ ಕುಂದರಲೇಬೇಕ್ರಿ. ಇಲ್ಲಂದ್ರ ಪರೀಕ್ಷೆ ಪೂರ್ತಿ ಆಗಾಂಗಿಲ್ಲ." ಕೂತೆ. ಐವತ್ತು. ಐವತ್ತೈದು. ಅರವತ್ತು. ಹ್ಯಾಂಡಲ್ಲು ಪೂಜೆಯ ತಟ್ಟೆಯಂತೆ ಅಲುಗದೆ ನಿಂತಿತ್ತು. ಯಜಮಾನರು ಹೆಲ್ಮೆಟ್ಟಿನೊಳಗಿಂದ "ತಪ್ಪಾತು" ಎಂದರು. ಗಾಳಿಯಲ್ಲಿ ಅರ್ಧ ಹಾರಿಹೋಯಿತು. ಗಾಡಿ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆಸಿ, ಇನ್ನೊಮ್ಮೆ ಹೇಳಿಸಿದೆ.

ಮೂರು ಸೀನು

ಮುಂದಿನ ರವಿವಾರ ನಮ್ಮ ಮನೆಯಲ್ಲಿ ಊಟವಿಟ್ಟುಕೊಂಡೆ. ಕುಬಸದ ಪಂಕ್ತಿಯಲ್ಲಿದ್ದ ಹತ್ತಿರದವರನ್ನು ಕರೆದೆ. ರಾಣೆಬೆನ್ನೂರಿನ ಮಿಸ್ತ್ರಿಯನ್ನೂ ಅವರ ಹೆಂಡತಿಯನ್ನೂ ಕರೆದು ಮೊದಲ ಎಲೆಗೆ ಕೂಡಿಸಿದೆ. ಮೈದುನನ ವಿಷಯ ಯಾರಿಗೂ ಹೇಳಿರಲಿಲ್ಲ. ಅವನಿಗೆ ಯಾರು ಬಂದಿದ್ದಾರೆ ಎಂಬುದನ್ನೂ ಹೇಳಿರಲಿಲ್ಲ.

ಅವನು ಮಾರುಕಟ್ಟೆ ಮುಗಿಸಿ ತಡವಾಗಿ ಬಂದ. ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಎಲೆಯ ಮುಂದೆ ತಲೆ ಬಗ್ಗಿಸಿ ಉಣ್ಣುತ್ತಿದ್ದ ಮಿಸ್ತ್ರಿ ಒಮ್ಮೆ ಸೀನಿದರು. ಅವನು ಹೊಸ್ತಿಲು ದಾಟಿದ. ಮಿಸ್ತ್ರಿ ಎರಡನೇ ಸಲ ಸೀನಿದರು. ಅವನು "ಏನ್ ವೈನಿ, ಊಟ ಜೋರು?" ಎನ್ನುತ್ತ ಪಂಕ್ತಿಯ ಹತ್ತಿರ ಬಂದ. ಮೂರನೇ ಸೀನು ಗೋಡೆಯ ಗಡಿಯಾರ ಅಲುಗುವಂತೆ ಬಂತು. ಮಿಸ್ತ್ರಿ ತುತ್ತು ಕೆಳಗಿಟ್ಟು, ತಲೆ ಎತ್ತದೆಯೇ ಹೇಳಿದರು:

"ಇವರ ರಿ, ಮಡ್‌ಗಾರ್ಡ್."

ಮೈದುನ ನಿಂತಲ್ಲೇ ನಿಂತ. ಅವನ ಹೆಂಡತಿಗೆ ಎಲ್ಲ ಒಮ್ಮೆಲೇ ತಿಳಿಯಿತು. "ಅದಕ್ಕ ಏನ್ರಿ ಅವತ್ತು ನನ್ನ ಹೊಸಾ ಟಾವೆಲ್ ತಗೊಂಡು ಗಾಡಿ ಒರಿಸಿದ್ದು? ಅಣ್ಣನ ಮ್ಯಾಲ ಎಷ್ಟು ಪ್ರೀತಿ ಅಂತ ನಾ ಓಣಿ ತುಂಬ ಹೇಳಿ ಬಂದೇನಲ್ರಿ!"

ಅವನು ಎಲ್ಲವನ್ನೂ ಒಪ್ಪಿಕೊಂಡ. ಕುಪ್ಪೇಲೂರು ರಸ್ತೆ, ಹಂಪು, ಮೂರು ಚೀಲ.

ನಾನು ಒಂದೇ ಪ್ರಶ್ನೆ ಕೇಳಿದೆ. "ಆ ಮೂರು ಚೀಲ ಕೂಡಿ ನನಗಿಂತ ಹಗುರೋ, ಭಾರೋ?"

ಪಂಕ್ತಿಯೆಲ್ಲ ಕೈ ನಿಲ್ಲಿಸಿತು.

"ಭಾರ, ವೈನಿ."

"ಎಲ್ಲಾರಿಗೂ ಕೇಳಲಿ."

"ಭಾರ ರಿ, ವೈನಿ! ಭಾಳ ಭಾರ!"

ಅಂದಿನ ನಗೆಯನ್ನು ನಮ್ಮ ಓಣಿ ಇನ್ನೂ ಮರೆತಿಲ್ಲ. ಯಜಮಾನರು ಕಣ್ಣೊರೆಸಿಕೊಂಡರು, ಆ ಸಲ ಮೆಣಸಿನಕಾಯಿ ಇಲ್ಲದೆ. ಮಿಸ್ತ್ರಿಯೊಬ್ಬರೇ ನಗದೆ ನಾಲ್ಕನೇ ಸಲ ಸೀನಿದರು. ನಾನೂ ನಕ್ಕೆನೆಂದು ಹೇಳುವವರಿದ್ದಾರೆ. ಸ್ವಲ್ಪ ನಕ್ಕಿರಬಹುದು.

ಗದ್ದಲದಲ್ಲಿ ಮೈದುನ ಹೋಳಿಗೆಯ ಬುಟ್ಟಿ ಎತ್ತಿಕೊಂಡು ನನ್ನ ಮುಂದೆ ಬಂದ. "ತಗೋರಿ ವೈನಿ, ಅವತ್ತಿಂದು ಒಂದು, ಇವತ್ತಿಂದು ಒಂದು. ಆತಿಲ್ಲೋ? ನಕ್ಕು ಮುಗಿಸಿಬಿಡೂಣು." ಒಂದು ತೆಗೆದುಕೊಂಡೆ. ಎರಡನೆಯದಕ್ಕೆ ಕೈ ಅಡ್ಡ ಹಿಡಿದೆ. ಅವನು ಅದನ್ನೇ ಒಪ್ಪಿಗೆ ಎಂದು ತಿಳಿದು ಕೂತು ಉಂಡ.

ಅದು ಒಪ್ಪಿಗೆಯಲ್ಲ. ಹೋಳಿಗೆ ಹೋಳಿಗೆಯೇ. ಗಾಡಿ ಕೆಡಿಸಿದ್ದನ್ನು ಒಪ್ಪಿಕೊಂಡ, ಚೀಲದ ಭಾರ ಒಪ್ಪಿಕೊಂಡ. ನನ್ನ ಮೇಲೆ ಹೊರಿಸಿದ ಮಾತನ್ನು ಅವನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅದನ್ನು ಆಡಿದ್ದು ಹಾವೇರಿಯಲ್ಲಲ್ಲ, ಬ್ಯಾಡಗಿಯಲ್ಲಿ. ಅವನ ಮನೆಯ ಪಡಸಾಲೆಯಲ್ಲಿ, ತುಂಬಿದ ಪಂಕ್ತಿಯಲ್ಲಿ.

ಬರುವ ತಿಂಗಳು ಅದೇ ಪಡಸಾಲೆಯಲ್ಲಿ ಅವನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅದೇ ಜನ ಇರುತ್ತಾರೆ. ನಾವು ಗಾಡಿಯ ಮೇಲೆ ಬರುತ್ತೇವೆ, ನಾನು ಹಿಂದೆ ಕೂತಿರುತ್ತೇನೆ. ಅಲ್ಲಿ ಅವನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ನನ್ನ ಕ್ಷಮೆ ಕೇಳಬೇಕು.